ನಾರು ನಿಂತ ಬಗೆ: ಮೃಣಾಲಿನಿ ಮುಖರ್ಜಿ ಅವರ ಶಿಲ್ಪಗಳಲ್ಲಿ ಒಂದು ದ್ರವ್ಯದ ಬೆಳವಣಿಗೆ

ಕಲ್ಲು, ಮರ, ಲೋಹಗಳೇ ಶಿಲ್ಪದ ಸಹಜ ದ್ರವ್ಯಗಳೆಂದು ಒಪ್ಪಿಕೊಂಡಿದ್ದ ಕಾಲದಲ್ಲಿ ಹಗ್ಗ ಹೊಸೆಯುವ ನಾರನ್ನು ಕೈಗೆತ್ತಿಕೊಂಡು, ಸುಮಾರು ಮೂರು ದಶಕಗಳ ಕಾಲ ಅದರ ಸ್ವಭಾವವನ್ನು ಒಳಹೊಕ್ಕು ನೋಡಿ, ಅದರಿಂದ ಆಳೆತ್ತರದ ಮತ್ತು ಅದಕ್ಕೂ ಮಿಗಿಲಾದ ರೂಪಗಳನ್ನು ಕಟ್ಟಿ ನಿಲ್ಲಿಸಿದವರು ಮೃಣಾಲಿನಿ ಮುಖರ್ಜಿ (1949–2015). 1970ರ ದಶಕದ ಆರಂಭದಲ್ಲಿ ಗೋಡೆಗೆ ತೂಗುಹಾಕುವ ಹೆಣಿಗೆಯಾಗಿ ಮೊದಲಾದ ಅವರ ಕೆಲಸ ಕ್ರಮೇಣ ಗೋಡೆಯನ್ನು ಬಿಟ್ಟು, ಸೂರಿನಿಂದ ಇಳಿಬಿದ್ದು, ಕಡೆಗೆ ನೆಲದ ಮೇಲೆ ತಾನಾಗಿ ನಿಂತಿತು. 1990ರ ದಶಕದ ನಡುಭಾಗದಿಂದ ಅವರು ಮಣ್ಣಿನತ್ತ, 2003ರ ಹೊತ್ತಿಗೆ ಕಂಚಿನತ್ತ ತಿರುಗಿದರು. ಈ ಮೂರು ಘಟ್ಟಗಳನ್ನು ಒಂದು ಏಣಿಯ ಮೆಟ್ಟಿಲುಗಳೆಂಬಂತೆ ವಿವರಿಸುವುದು, ಅಂದರೆ ಕರಕುಶಲದ ಕೆಳಮೆಟ್ಟಿಲಿನಿಂದ ಹೊರಟು ಕಂಚೆಂಬ ಗೌರವದ ಮೆಟ್ಟಿಲನ್ನು ಮುಟ್ಟಿದ ಪಯಣವೆಂಬಂತೆ ಹೇಳುವುದು ಸುಲಭವಾದರೂ, ಕೃತಿಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದಾಗ ಕಾಣುವ ಸಂಗತಿ ಬೇರೆಯೇ ಆಗಿದೆ. ಅವರ ಕಲೆಯ ಮೂಲಭೂತ ಪ್ರಶ್ನೆಗಳೆಲ್ಲ ನಾರಿನಲ್ಲಿಯೇ ಹುಟ್ಟಿದವು. ಮಣ್ಣೂ ಕಂಚೂ ಆ ಪ್ರಶ್ನೆಗಳನ್ನು ಮುಂದಕ್ಕೆ ಒಯ್ದವೇ ಹೊರತು ಅವುಗಳ ಜಾಗದಲ್ಲಿ ಹೊಸ ಪ್ರಶ್ನೆಗಳನ್ನು ತಂದು ಕೂರಿಸಲಿಲ್ಲ.

ಮುಂಬೈಯಲ್ಲಿ ಹುಟ್ಟಿ, ತಾಯಿ ಅಧ್ಯಾಪಕಿಯಾಗಿದ್ದ ಡೆಹ್ರಾಡೂನಿನಲ್ಲಿ ಬೆಳೆದು, ರಜೆಯ ದಿನಗಳನ್ನು ಶಾಂತಿನಿಕೇತನದಲ್ಲಿ ಕಳೆದ ಮೃಣಾಲಿನಿ ಅವರ ಮನೆಯೇ ಒಂದು ಕಲಾಶಾಲೆಯಾಗಿತ್ತು. ತಂದೆ ಬಿನೋದ್ ಬಿಹಾರಿ ಮುಖರ್ಜಿ ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ 1946–47ರಲ್ಲಿ ಮಧ್ಯಯುಗದ ಸಂತರ ಬೃಹತ್ ಭಿತ್ತಿಚಿತ್ರವನ್ನು ಬರೆದವರು. 1950ರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯೊಂದು ವಿಫಲವಾಗಿ ದೃಷ್ಟಿಯನ್ನು ಪೂರ್ತಿಯಾಗಿ ಕಳೆದುಕೊಂಡ ಮೇಲೂ ಅವರು ಕೆಲಸವನ್ನು ನಿಲ್ಲಿಸದೆ, ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸುತ್ತ, ಹೆಂಚಿನ ಬಿಲ್ಲೆಗಳಿಂದ ಭಿತ್ತಿಯನ್ನು ರೂಪಿಸುತ್ತ, ಬೆರಳುಗಳ ಸ್ಪರ್ಶವನ್ನೇ ನೆಚ್ಚಿಕೊಂಡು ಮುಂದುವರಿದರು. ಸತ್ಯಜಿತ್ ರೇ ಅವರು 1972ರಲ್ಲಿ ತೆಗೆದ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರದ ವಸ್ತು ಇದೇ. ತಾಯಿ ಲೀಲಾ ಮುಖರ್ಜಿ ಮರದಲ್ಲಿಯೂ ಕಂಚಿನಲ್ಲಿಯೂ ಕೆಲಸ ಮಾಡಿದ ಶಿಲ್ಪಿ. ಮಗಳ ಕಲೆಯನ್ನು ತಂದೆತಾಯಿಯ ಬದುಕಿನಿಂದ ನೇರವಾಗಿ ಇಳಿಸಿಕೊಂಡು ಬರುವುದು ಅಷ್ಟೇನೂ ನ್ಯಾಯವಲ್ಲ. ಆದರೂ ಕೈ ಮುಂದಾಗಿ ಕಣ್ಣು ಅದನ್ನು ಹಿಂಬಾಲಿಸುವ ದುಡಿಮೆಯ ಕ್ರಮವೊಂದು ಆ ಮನೆಯಲ್ಲಿ ದಿನನಿತ್ಯದ ಸಂಗತಿಯಾಗಿತ್ತು ಎಂಬುದನ್ನು ಮರೆತರೆ, ಮೃಣಾಲಿನಿ ಅವರು ರೇಖಾಚಿತ್ರವಾಗಲಿ ಸಣ್ಣ ಮಾದರಿಯಾಗಲಿ ಇಲ್ಲದೆಯೇ ನೇರವಾಗಿ ಹುರಿಗೆ ಕೈಹಾಕುತ್ತಿದ್ದ ಧೈರ್ಯದ ಮೂಲ ತಿಳಿಯುವುದಿಲ್ಲ.

ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ 1965ರಿಂದ ಚಿತ್ರಕಲೆಯನ್ನು ಕಲಿತ ಅವರು, ಅನಂತರ 1970–72ರ ಅವಧಿಯಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಭಿತ್ತಿಕಲೆಯ ಅಧ್ಯಯನವನ್ನು ಮುಂದುವರಿಸಿದರು. ಬಿನೋದ್ ಬಿಹಾರಿ ಅವರ ಶಿಷ್ಯರೇ ಆಗಿದ್ದ ಸುಬ್ರಮಣ್ಯನ್ 1959ರಿಂದ ಎರಡು ವರ್ಷ ಮುಂಬೈಯಲ್ಲಿ ಅಖಿಲ ಭಾರತ ಕೈಮಗ್ಗ ಮಂಡಲಿಯ ವಿನ್ಯಾಸ ವಿಭಾಗದಲ್ಲಿ ದುಡಿದಿದ್ದರು. ಕುಶಲಕರ್ಮಿಯ ಕೈಗೂ ಕಲಾವಿದನ ಕೈಗೂ ನಡುವೆ ಎಳೆದಿದ್ದ ಗೆರೆ ಕೃತಕವೆಂಬುದು ಅವರ ಗಟ್ಟಿ ನಂಬಿಕೆಯಾಗಿತ್ತು. ಲಲಿತಕಲಾ ವಿಭಾಗದಲ್ಲಿ 1961ರಿಂದ ನಡೆದುಬಂದ ಕಲಾಮೇಳಗಳಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಟ್ಟಾಗಿ ಆಟಿಕೆ, ಮಣ್ಣಿನ ಸಾಮಾನು, ಬಟ್ಟೆಗಳನ್ನು ತಯಾರಿಸಿ ಮಾರುತ್ತಿದ್ದುದು ಈ ನಂಬಿಕೆಯ ಬಹಿರಂಗ ರೂಪ. ಇದರ ಹಿನ್ನೆಲೆಯಲ್ಲಿ ಸ್ವಾತಂತ್ರ್ಯಾನಂತರದ ದೊಡ್ಡದೊಂದು ಚಳವಳಿಯೂ ಇತ್ತು: ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಲಿಯ ಚುಕ್ಕಾಣಿ ಹಿಡಿದು, ಯಂತ್ರಯುಗದಲ್ಲಿ ನಶಿಸುತ್ತಿದ್ದ ಕೈಕಸುಬುಗಳಿಗೆ ಸಾರ್ವಜನಿಕ ಮರ್ಯಾದೆಯನ್ನು ದೊರಕಿಸಲು ಹೋರಾಡಿದ್ದರು. ಹಗ್ಗ ಹೊಸೆಯುವವನ ದ್ರವ್ಯವನ್ನು ಕಲಾಶಾಲೆಯ ವಿದ್ಯಾರ್ಥಿನಿಯೊಬ್ಬಳು ಸಂಕೋಚವಿಲ್ಲದೆ ಎತ್ತಿಕೊಳ್ಳಬಹುದಾದ ವಾತಾವರಣ ಹೀಗೆ ಸಿದ್ಧವಾಗಿತ್ತು. ನಾರಿನಂಥ ಸ್ಥಳೀಯ, ಅಗ್ಗದ ದ್ರವ್ಯಗಳನ್ನು ಪ್ರಯೋಗಿಸುವಂತೆ ಸುಬ್ರಮಣ್ಯನ್ ನೀಡಿದ ಪ್ರೋತ್ಸಾಹ ಈ ಶಿಷ್ಯೆಯಲ್ಲಿ ಫಲಿಸಿದ ಮಟ್ಟಿಗೆ ಬೇರೆ ಯಾರಲ್ಲಿಯೂ ಫಲಿಸಲಿಲ್ಲ.

ಅವರು ಬಳಸಿದ್ದು ಸೆಣಬಿನ ಜಾತಿಯ ಒರಟು ನಾರು. ಇಂಥ ಗಿಡಗಳ ಕಾಂಡದ ತೊಗಟೆಯ ಒಳಪದರದಲ್ಲಿ ನಾರಿನ ಎಳೆಗಳು ಒಂದು ಬಗೆಯ ಅಂಟಿನಿಂದ ಹಿಡಿದುಕೊಂಡಿರುತ್ತವೆ. ಕೊಯ್ದ ಕಾಂಡಗಳನ್ನು ಕಟ್ಟುಕಟ್ಟಿ ನೀರಿನಲ್ಲಿ ಕೊಳೆಹಾಕಿದಾಗ ಆ ಅಂಟು ಕರಗಿ, ನಾರು ಕಡ್ಡಿಯಿಂದ ಬಿಡಿಸಿಕೊಳ್ಳುತ್ತದೆ. ಅದನ್ನು ಜಾಲಾಡಿ, ಒಣಗಿಸಿ, ಹೊಸೆದರೆ ಹುರಿ. ಹುರಿಗಳನ್ನು ಒಂದರೊಡನೊಂದು ಮುರಿಗೆ ಹಾಕಿದರೆ ಹಗ್ಗ. ಉತ್ತರ ಕರ್ನಾಟಕದ ರೈತರು ಪುಂಡಿಯ ನಾರಿನಿಂದ ದನದ ಕಣ್ಣಿ, ಮಿಣಿ, ಹಗ್ಗಗಳನ್ನು ಮಾಡಿಕೊಳ್ಳುತ್ತಿದ್ದುದೂ ಇದೇ ಕ್ರಮದಿಂದ. ಹತ್ತಿ ಅಥವಾ ರೇಷ್ಮೆಯ ನೂಲಿಗೆ ಹೋಲಿಸಿದರೆ ಈ ನಾರು ಬಿರುಸು, ಅಂಗೈಯನ್ನು ತರಚುವಂಥದ್ದು, ಬಣ್ಣವನ್ನು ಒಂದೇ ಸಮನಾಗಿ ಹೀರದಂಥದ್ದು. ನೇಯ್ಗೆಯವರು ದೋಷವೆಂದು ಎಣಿಸುವ ಈ ಗುಣಗಳೇ ಶಿಲ್ಪಿಗೆ ಸಂಪತ್ತಾದವು, ಏಕೆಂದರೆ ಬಿರುಸಾದ ಹುರಿಯಲ್ಲಿ ಹಾಕಿದ ಗಂಟು ಸಡಿಲವಾಗದೆ ತನ್ನ ಆಕಾರವನ್ನು ಹಿಡಿದಿಡುತ್ತದೆ. ಬಣ್ಣ ಹೀರಿದ ಹೆಚ್ಚುಕಡಿಮೆಯಿಂದ ಒಂದೇ ಕಾವಿ, ಒಂದೇ ನೇರಳೆ, ಒಂದೇ ಕಡುಹಸಿರು ಹತ್ತಾರು ಛಾಯೆಗಳಾಗಿ ಒಡೆದು, ಒಣಗುತ್ತಿರುವ ಎಲೆಯ ಮೈಯಂತೆ ಜೀವಂತವಾಗಿ ತೋರುತ್ತದೆ.

ಅವರ ವಿಧಾನದಲ್ಲಿ ಮಗ್ಗಕ್ಕೆ ಜಾಗವಿರಲಿಲ್ಲ, ಮತ್ತು ಈ ಒಂದು ಸಂಗತಿಯಿಂದ ಹೊರಟ ಪರಿಣಾಮಗಳು ದೂರಗಾಮಿಯಾಗಿದ್ದವು. ಮಗ್ಗದಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ನೂಲುಗಳು ಲಂಬಕೋನದಲ್ಲಿ ಸಂಧಿಸುವುದರಿಂದ ಬಟ್ಟೆ ಹುಟ್ಟುವುದೇ ಚಪ್ಪಟೆಯಾಗಿ, ಅಂಚು ನೇರವಾಗಿ. ಅದರ ಅಗಲವನ್ನು ಕೆಲಸ ಶುರುವಾಗುವ ಮೊದಲೇ ನಿರ್ಧರಿಸಿಬಿಟ್ಟಿರಬೇಕು. ಗಂಟುಹೆಣಿಗೆಯಲ್ಲಿ, ಅಂದರೆ ಪಾಶ್ಚಾತ್ಯರು ಮ್ಯಾಕ್ರಮೆ ಎಂದು ಕರೆಯುವ ಕೈಕೆಲಸದಲ್ಲಿ, ಇಂಥ ಯಾವ ಕಟ್ಟುಪಾಡೂ ಇಲ್ಲ. ಒಂದು ಹುರಿಯನ್ನು ಆಧಾರವಾಗಿ ಬಿಗಿಹಿಡಿದು, ಮತ್ತೊಂದು ಹುರಿಯನ್ನು ಅದರ ಸುತ್ತ ಒಮ್ಮೆ ಬಳಸಿ ಎಳೆದು, ಮತ್ತೊಮ್ಮೆ ಬಳಸಿ ಬಿಗಿದಾಗ ಒಂದು ಗಂಟು ಆಗುತ್ತದೆ. ಪಕ್ಕದ ಹುರಿಯಿಂದ ಇನ್ನೊಂದು, ಅದರ ಪಕ್ಕದಿಂದ ಮತ್ತೊಂದು ಎಂದು ಸಾಗಿದಂತೆ ಕಾಳು ಪೋಣಿಸಿದ ಹಾಗೆ ಏಣು ಮೂಡುತ್ತದೆ. ಆಧಾರದ ಹುರಿಯನ್ನು ಅಡ್ಡಲಾಗಿ ಹಿಡಿದರೆ ಏಣು ಅಡ್ಡಲಾಗಿ, ಓರೆಯಾಗಿ ಹಿಡಿದರೆ ಓರೆಯಾಗಿ, ಬಾಗಿಸಿ ಹಿಡಿದರೆ ಬಾಗಿ ಸಾಗುತ್ತದೆ. ಹೊಸ ಹುರಿಗಳನ್ನು ಸೇರಿಸಿದಲ್ಲಿ ಹೆಣಿಗೆ ಅಗಲವಾಗಿ ಉಬ್ಬುತ್ತದೆ, ಬಿಟ್ಟುಬಿಟ್ಟಲ್ಲಿ ಕಿರಿದಾಗಿ ಕೊರಳಾಗುತ್ತದೆ. ಕೆಲವು ಸಾಲುಗಳನ್ನು ಬಿಗಿಯಾಗಿಯೂ ಮುಂದಿನ ಸಾಲುಗಳನ್ನು ಸಡಿಲವಾಗಿಯೂ ಹಾಕಿದರೆ ಸಮತಲವಾಗಿದ್ದ ಹೆಣಿಗೆ ತಾನಾಗಿಯೇ ಸುರುಳಿಗೊಂಡು ಮಡಿಕೆಯಾಗುತ್ತದೆ. ಹೀಗೆ ಉಬ್ಬು, ತಗ್ಗು, ಬಾಯಿ, ತುಟಿ, ಕಿವಿ, ದಳಗಳೆಲ್ಲ ಮೇಲಿನಿಂದ ಅಂಟಿಸಿದ ಭಾಗಗಳಾಗದೆ, ಒಂದೇ ಮೈಯಿಂದ ಚಿಗುರಿದ ಅಂಗಗಳಾಗಿ ಬರುತ್ತವೆ. ಆಕಾರವನ್ನು ಮೊದಲು ಗೀಚಿಕೊಂಡು ಅನಂತರ ತುಂಬುವ ಪದ್ಧತಿ ಇಲ್ಲಿ ನಿರರ್ಥಕ, ಏಕೆಂದರೆ ಪ್ರತಿಯೊಂದು ಸಾಲೂ ಮುಂದಿನ ಸಾಲಿನ ಸಾಧ್ಯತೆಯನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ದೊಡ್ಡ ಕೃತಿಯೊಂದಕ್ಕೆ ತಿಂಗಳುಗಟ್ಟಲೆ ಕಾಲ ಹಿಡಿಯುತ್ತಿದ್ದುದೂ, ಅವರ ಒಟ್ಟು ಕೃತಿಗಳ ಸಂಖ್ಯೆ ಅವರ ಖ್ಯಾತಿಗೆ ಹೋಲಿಸಿದರೆ ಕಡಿಮೆಯಿರುವುದೂ ಈ ನಿಧಾನದ ಕ್ರಮದಿಂದಲೇ.

1972ರಲ್ಲಿ ದೆಹಲಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅದೇ ವರ್ಷದ ‘ಅಳಿಲು’, 1975ರ ‘ಜಲಪಾತ’ ಮೊದಲಾದ ಆರಂಭಕಾಲದ ಕೃತಿಗಳು ಮೂಲತಃ ಗೋಡೆಯನ್ನು ಆಶ್ರಯಿಸಿದವು. ಭಿತ್ತಿಕಲೆಯ ವಿದ್ಯಾರ್ಥಿನಿಗೆ ಅದು ಸಹಜವೂ ಹೌದು. ಅವುಗಳಲ್ಲಿ ಗುರುತ್ವವೇ ಅರ್ಧ ಕೆಲಸವನ್ನು ಮಾಡುತ್ತದೆ: ಮೇಲಿನಿಂದ ಇಳಿಬಿಟ್ಟ ಹುರಿ ತನ್ನ ಭಾರಕ್ಕೆ ತಾನೇ ನೇರವಾಗುತ್ತದೆ, ಗಂಟು ಹಾಕಿದ ಭಾಗ ಜೋತುಬೀಳುತ್ತದೆ, ಗಂಟಿಲ್ಲದೆ ಬಿಟ್ಟ ತುದಿಗಳು ನೀರಿನ ಎಳೆಗಳಂತೆ ಇಳಿಯುತ್ತವೆ. ಈ ಹಂತದಲ್ಲಿ ದ್ರವ್ಯ ಹೇಳಿದ್ದನ್ನು ಕಲಾವಿದೆ ಬಹುಮಟ್ಟಿಗೆ ಕೇಳಿಸಿಕೊಂಡಿದ್ದಾರೆ. ಎದುರು ಮಾತಾಡುವುದು ಇನ್ನೂ ಆರಂಭವಾಗಿರಲಿಲ್ಲ. ಬ್ರಿಟಿಷ್ ಕೌನ್ಸಿಲಿನ ವಿದ್ಯಾರ್ಥಿವೇತನದ ಮೇಲೆ ಅದೇ ದಶಕದಲ್ಲಿ ಇಂಗ್ಲೆಂಡಿನ ವೆಸ್ಟ್ ಸರ್ರೆ ಕಲಾ ಮತ್ತು ವಿನ್ಯಾಸ ಕಾಲೇಜಿನಲ್ಲಿ ಶಿಲ್ಪವನ್ನು ಅಭ್ಯಸಿಸಿದ ಅನುಭವವೂ ಸೇರಿ, ದಶಕದ ಕೊನೆಯ ಹೊತ್ತಿಗೆ ಅವರ ಹೆಣಿಗೆಯಲ್ಲಿ ಬದಲಾವಣೆ ನಿಚ್ಚಳವಾಗುತ್ತದೆ. 1979ರ ‘ನಾಗದೇವತಾ’, 1980ರ ‘ಕಪ್ಪು ದೇವಿ’ ಎಂಬ ಕೃತಿಗಳಲ್ಲಿ ಜೋತುಬಿದ್ದ ಹೆಣಿಗೆ ಅಲಂಕಾರವಾಗಿ ಉಳಿಯದೆ, ಎದುರಿಗೆ ನಿಂತವರನ್ನು ದಿಟ್ಟಿಸುವ ಇರವೊಂದಾಗಿ ಮಾರ್ಪಡುತ್ತದೆ.

1980ರ ದಶಕದ ಮೊದಲ ಅರ್ಧ ಈ ಬೆಳವಣಿಗೆಯಲ್ಲಿ ನಿರ್ಣಾಯಕವಾದದ್ದು. ‘ವನರಾಜ’ (1981), ‘ಶ್ರೀ’, ‘ದೇವಿ’, ‘ರುದ್ರ’ (ಮೂರೂ 1982), ‘ಯಕ್ಷಿ’, ‘ಬಸಂತಿ’ (ಎರಡೂ 1984), ‘ಪಕ್ಷಿ’ (1985) ಎಂಬ ಸಾಲನ್ನು ಗಮನಿಸಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಎಡಬಲಗಳು ಒಂದಕ್ಕೊಂದು ಸರಿಸಮನಾಗಿ, ನಡುಗೆರೆಯ ಮೇಲೆ ತೆರೆದುಕೊಳ್ಳುವ ಸಮ್ಮುಖ ರೂಪಗಳು ಇವು. ದೇಗುಲದ ಗರ್ಭಗುಡಿಯಲ್ಲಿ ನಿಂತ ಮೂರ್ತಿಯ ಮುಂದೆ ನಿಂತಾಗ ಮೈಗೆ ಅನುಭವವಾಗುವ ಎದುರುಬದುರಿನ ಸಂಬಂಧವನ್ನು ಇವು ಉದ್ದೇಶಪೂರ್ವಕವಾಗಿ ಆವಾಹಿಸುತ್ತವೆ. ಆದರೆ ಆಗಮಗಳು ವಿಧಿಸುವ ಆಯುಧ, ಮುದ್ರೆ, ವಾಹನಗಳ ಪ್ರತಿಮಾಲಕ್ಷಣ ಇವುಗಳಲ್ಲಿ ಇಲ್ಲ. ದೇವತೆಗಳ ಹೆಸರುಗಳಿದ್ದರೂ ಇವು ಯಾವ ಪುರಾಣಕಥೆಯ ಚಿತ್ರಣವೂ ಅಲ್ಲ. ಮರದ ಬುಡದಲ್ಲಿ ಕುಂಕುಮ ಮೆತ್ತಿದ ಕಲ್ಲನ್ನು ನೋಡಿದಾಗ ಹುಟ್ಟುವ ಭಯಭಕ್ತಿಗೆ ಹತ್ತಿರವಾದ ಭಾವವೊಂದನ್ನು ಅವು ದ್ರವ್ಯದಿಂದಲೇ ಎಬ್ಬಿಸುತ್ತವೆ. ಎರಡನೆಯ ಸಂಗತಿ, ಮಾನವದೇಹ ಮತ್ತು ಸಸ್ಯದೇಹದ ನಡುವಣ ಗಡಿ ಇಲ್ಲಿ ಕರಗಿಹೋಗುತ್ತದೆ. ಹೆಣಿಗೆಯ ಪದರವೊಂದನ್ನು ಹೂವಿನ ಪಕಳೆಯೆಂದು ನೋಡುತ್ತಿರುವಾಗಲೇ ಅದು ಯೋನಿಯಾಗಿ, ಕೇಸರದ ಕಂಬ ಲಿಂಗವಾಗಿ, ಉಬ್ಬಿದ ಬುಡ ತುಂಬುಗರ್ಭವಾಗಿ ಕಾಣತೊಡಗುತ್ತದೆ. ಈ ಕಾಮಪ್ರಜ್ಞೆಯಲ್ಲಿ ಮುಜುಗರವಾಗಲಿ ಪ್ರಚೋದನೆಯಾಗಲಿ ಇಲ್ಲ. ಬೀಜ ಒಡೆದು ಚಿಗುರುವ ಕ್ರಿಯೆಯಷ್ಟೇ ನಿಸ್ಸಂಕೋಚವಾದ ಫಲವಂತಿಕೆ ಅದು.

ತೂಗುಹಾಕಿದ ರೂಪ ಎಷ್ಟೇ ಭವ್ಯವಾಗಿದ್ದರೂ ಅದು ಸೂರನ್ನು ಇಲ್ಲವೆ ಗೋಡೆಯನ್ನು ಅವಲಂಬಿಸಿದ್ದು. ಅದರ ಸುತ್ತ ನಡೆದಾಡಿದಾಗ ಬೆನ್ನು ಬರಿದಾಗಿಯೇ ಉಳಿಯುವ ಅಪಾಯವಿರುತ್ತದೆ. ಮೃಣಾಲಿನಿ ಅವರು 1980ರ ದಶಕದ ನಡುವಿನಿಂದ ಎದುರಿಸಿದ ಸಮಸ್ಯೆ ಇದು, ಮತ್ತು ಅದಕ್ಕೆ ಅವರು ಕಂಡುಕೊಂಡ ಪರಿಹಾರವೇ ಅವರನ್ನು ಜವಳಿ ಕಲೆಯ ಎಲ್ಲೆಯಿಂದ ಶಿಲ್ಪದ ನಟ್ಟನಡುವಿಗೆ ತಂದಿತು. ಒಳಗೆ ಲೋಹದ ಸರಳುಗಳ ಹಂದರವೊಂದನ್ನು ನಿಲ್ಲಿಸಿ, ಅದರ ಮೇಲೆ ಹೆಣಿಗೆಯನ್ನು ಹಬ್ಬಿಸುವುದು ಆ ಪರಿಹಾರ. ಹಂದರ ಎಂಬುದನ್ನು ಇಲ್ಲಿ ಎಲುಬುಗೂಡಿನ ಅರ್ಥದಲ್ಲಿ ಮಾತ್ರ ತೆಗೆದುಕೊಂಡರೆ ಸಾಲದು. ಅದು ಭಾರವನ್ನು ಹೊರುತ್ತದೆಯಾದರೂ ಆಕಾರವನ್ನು ನಿರ್ಧರಿಸುವುದಿಲ್ಲ. ಆಕಾರವನ್ನು ನಿರ್ಧರಿಸುವುದು ಗಂಟುಗಳ ಬಿಗಿ, ಮಡಿಕೆಗಳ ದಪ್ಪ, ಒಂದರ ಮೇಲೊಂದು ಬಿದ್ದ ಪದರಗಳ ಒತ್ತಡ. ಹೀಗೆ ನಿಂತ ‘ನವಿಲನ್ನೇರಿದ ಹೆಣ್ಣು’ (1991), ‘ಪುಷ್ಪ’ (1993), ‘ವನಶ್ರೀ’ (1994), ‘ಅರಣ್ಯಾನಿ’ (1996), 1990ರ ದಶಕದ ಕೊನೆಯ ‘ಆದಿ ಪುಷ್ಪ’ದ ಎರಡನೆಯ ರೂಪ ಮುಂತಾದ ಕೃತಿಗಳಲ್ಲಿ ನಾರು ತನ್ನ ಜೋತುಬೀಳುವ ಸ್ವಭಾವವನ್ನು ಕಳೆದುಕೊಳ್ಳದೆಯೇ ಎದ್ದು ನಿಲ್ಲುತ್ತದೆ. ‘ವನಶ್ರೀ’ಯ ಎದುರು ನಿಂತವರಿಗೆ ಮೊದಲು ಕಾಣುವುದು ಪೀಠಾಸೀನಳಾದ ಹೆಣ್ಣಿನ ಗಾಂಭೀರ್ಯ, ಬದಿಗೆ ಸರಿದಂತೆ ಆ ಆಸನವೂ ಉಡುಗೆಯೂ ದೇಹವೂ ಒಂದೇ ಹೆಣಿಗೆಯ ತಿರುವುಗಳೆಂಬುದು ಗಮನಕ್ಕೆ ಬರುತ್ತದೆ, ಇನ್ನೂ ಹತ್ತಿರ ಹೋದರೆ ರೂಪವೇ ಮರೆಯಾಗಿ ಗಂಟುಗಳ ಸಾಲುಗಳಷ್ಟೇ ಉಳಿಯುತ್ತವೆ. ನೋಡುವವರು ಇರುವ ದೂರಕ್ಕೆ ತಕ್ಕಂತೆ ಒಂದೇ ಕೃತಿ ಹೀಗೆ ಮೂರು ಬಗೆಯಾಗಿ ಒದಗುವುದು ಕಲ್ಲಿನಲ್ಲಿಯೂ ಕಂಚಿನಲ್ಲಿಯೂ ವಿರಳ. ಅವರ ಸಮಗ್ರ ಸಾಧನೆಯ ಶಿಖರ 1980ರಿಂದ 1996ರವರೆಗಿನ ಈ ನಾರಿನ ಕೃತಿಗಳೇ ಎಂದು ಹೇಳಲು ಹಿಂಜರಿಯಬೇಕಾಗಿಲ್ಲ.

ಇಷ್ಟಾದರೂ ಈ ಕೃತಿಗಳನ್ನು ಶಿಲ್ಪವೆಂದು ಒಪ್ಪಿಕೊಳ್ಳಲು ಕಲಾಲೋಕ ತಡಮಾಡಿತು. ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. 1970ರ ದಶಕದಲ್ಲಿ ಗಂಟುಹೆಣಿಗೆ ಎಂದರೆ ಹೂಕುಂಡ ತೂಗುಹಾಕುವ ಜೋಳಿಗೆ, ಕಿಟಕಿಯ ಪರದೆ, ಕೈಚೀಲಗಳ ಮನೆವಾರ್ತೆಯ ಹವ್ಯಾಸವಾಗಿತ್ತು. ಹೆಂಗಸರ ಬಿಡುವಿನ ಕೆಲಸವೆಂಬ ಹಣೆಪಟ್ಟಿ ಅದಕ್ಕೆ ಭದ್ರವಾಗಿ ಅಂಟಿಕೊಂಡಿತ್ತು. ಅಮೆರಿಕ ಮತ್ತು ಯೂರೋಪಿನಲ್ಲಿ ನಾರುಕಲೆ ಎಂಬ ಹೆಸರಿನ ಚಳವಳಿಯೊಂದು ಅದಾಗಲೇ ರೂಪುಗೊಂಡು, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1969ರಲ್ಲಿ ನಡೆದ ‘ವಾಲ್ ಹ್ಯಾಂಗಿಂಗ್ಸ್’ ಪ್ರದರ್ಶನದಲ್ಲಿ ಆನ್ನಿ ಆಲ್ಬರ್ಸ್, ಶೀಲಾ ಹಿಕ್ಸ್ ಮೊದಲಾದವರ ಕೃತಿಗಳು ಸ್ಥಾನ ಪಡೆದಿದ್ದರೂ, ಮೃಣಾಲಿನಿ ಅವರು ಆ ಚಳವಳಿಯ ಅಂಗವಾಗಿ ಬೆಳೆದವರಲ್ಲ. ಭಾರತದಲ್ಲಿ ಅವರ ಸಮಕಾಲೀನರು ಕಥನಪ್ರಧಾನ ಚಿತ್ರಕಲೆಯತ್ತ ಹೊರಳಿದ್ದ ಕಾಲದಲ್ಲಿ, ಕಥೆ ಹೇಳದ, ರಾಜಕೀಯ ಘೋಷಣೆ ಮಾಡದ ಈ ರೂಪಗಳಿಗೆ ಸಲ್ಲುವ ವಿಮರ್ಶೆಯ ಭಾಷೆಯೂ ಸಿದ್ಧವಾಗಿರಲಿಲ್ಲ. 1994ರಲ್ಲಿ ಆಕ್ಸ್‌ಫರ್ಡಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಶಿಲ್ಪಗಳ ಪ್ರದರ್ಶನವನ್ನು ಏರ್ಪಡಿಸಿದ ಮೇಲೆಯೇ ದೇಶದ ಹೊರಗೆ ಅವರ ಹೆಸರು ಗಂಭೀರವಾಗಿ ಕೇಳಿಬಂದದ್ದು.

ಹೋಲಿಕೆಗೆ ಒದಗುವ ಒಬ್ಬರೇ ಒಬ್ಬರು ಕಲಾವಿದರೆಂದರೆ ಪೋಲೆಂಡಿನ ಮಗ್ದಲೇನಾ ಅಬಕನೋವಿಚ್ (1930–2017). ಯುದ್ಧಾನಂತರದ ಪೋಲೆಂಡಿನಲ್ಲಿ ಒಳ್ಳೆಯ ಸಾಮಗ್ರಿ ಸಿಗದ ದಿನಗಳಲ್ಲಿ ಅವರು ಹಡಗುಗಳಲ್ಲಿ ಬಳಸಿ ಬಿಸಾಡಿದ ಕತ್ತಾಳೆಯ ಹಗ್ಗಗಳನ್ನು ತಂದು, ಬಿಚ್ಚಿ, ತೊಳೆದು, ಬಣ್ಣ ಹಾಕಿ ನೇಯ್ದರು. 1960ರ ದಶಕದಲ್ಲಿ ಸೂರಿನಿಂದ ಇಳಿಬಿದ್ದ ಆ ಬೃಹದಾಕಾರದ ಕೃತಿಗಳಿಗೆ ಅವರ ಹೆಸರನ್ನೇ ಹಿಡಿದು ‘ಅಬಕನ್’ಗಳೆಂದು ಹೆಸರಾಯಿತು. ಅನಂತರ ಅವರು ಗೋಣಿಬಟ್ಟೆಯನ್ನು ರಾಳದಲ್ಲಿ ಅದ್ದಿ ಗಟ್ಟಿಗೊಳಿಸಿ ತಲೆಯಿಲ್ಲದ ಮಾನವಾಕೃತಿಗಳ ಸಾಲುಗಳನ್ನು ಮಾಡಿದರು, 1980ರ ವೆನಿಸ್ ದ್ವೈವಾರ್ಷಿಕದಲ್ಲಿ ಗೋಣಿಯ ಗಂಟುಮೂಟೆಗಳಂಥ ನೂರಾರು ಉಂಡೆಗಳನ್ನು ‘ಭ್ರೂಣಶಾಸ್ತ್ರ’ ಎಂಬ ಹೆಸರಿನಲ್ಲಿ ಹರಡಿದರು, ಕಡೆಗೆ ಕಂಚು ಮತ್ತು ಎರಕದ ಕಬ್ಬಿಣಕ್ಕೆ ಬಂದರು. ನಾರಿನಿಂದ ಲೋಹಕ್ಕೆ ಸಾಗಿದ ದಾರಿ ಇಬ್ಬರದೂ ಒಂದೇ ಎನಿಸಿದರೂ ಒಳಗಿನ ತರ್ಕ ಬೇರೆ. ಅಬಕನೋವಿಚ್ ಅವರಲ್ಲಿ ಲೋಹ ಬಂದದ್ದು ಗುಂಪಿಗಾಗಿ: ಬಯಲಿನಲ್ಲಿ ಮಳೆಬಿಸಿಲಿಗೆ ನಿಲ್ಲುವ ಜನಸಮೂಹವನ್ನು ಅವರು ನಿರ್ಮಿಸಬೇಕಾಗಿತ್ತು. ಮೃಣಾಲಿನಿ ಅವರಲ್ಲಿ ಪ್ರತಿಯೊಂದು ರೂಪವೂ ಕೊನೆಯವರೆಗೆ ಒಂಟಿಯಾಗಿಯೇ, ತನ್ನದೇ ಮೈಕಟ್ಟಿನ ಏಕಮಾತ್ರ ಜೀವಿಯಾಗಿಯೇ ಉಳಿಯಿತು. ಒಬ್ಬರ ನಾರಿನಲ್ಲಿ ಇತಿಹಾಸದ ಗಾಯವಿದೆ, ಇನ್ನೊಬ್ಬರದರಲ್ಲಿ ಕಾಡಿನ ಬೆಳವಣಿಗೆಯಿದೆ.

1990ರ ದಶಕದ ನಡುಭಾಗದಲ್ಲಿ ಮೃಣಾಲಿನಿ ಅವರು ಮಣ್ಣಿನ ಕೆಲಸಕ್ಕೆ ಕೈಹಾಕಿದರು. 1996ರಲ್ಲಿ ನೆದರ್ಲೆಂಡ್ಸಿನ ಸೆರ್ಟೋಗೆನ್‌ಬಾಸ್ ಪಟ್ಟಣದಲ್ಲಿದ್ದ ಯೂರೋಪಿಯನ್ ಸೆರಾಮಿಕ್ ಕಾರ್ಯಕೇಂದ್ರದಲ್ಲಿ ಕೆಲಸ ಮಾಡುವ ಅವಕಾಶವೂ ಒದಗಿತು. ಬಿರುಸಾದ ಹುರಿಯನ್ನು ದಿನವಿಡೀ ಎಳೆದು ಬಿಗಿಯುವ ದುಡಿಮೆ ಮೈಗೆ ಭಾರವಾಗತೊಡಗಿದ ವಯಸ್ಸು ಅದು. ಆದರೆ ದೇಹಶ್ರಮವೊಂದನ್ನೇ ಕಾರಣವಾಗಿಸಿದರೆ ಆ ಹೊರಳಿನ ಅರ್ಥ ಪೂರ್ತಿಯಾಗುವುದಿಲ್ಲ. ಹೆಣಿಗೆಯಲ್ಲಿ ಒಂದು ಮಡಿಕೆ ಮೂಡಲು ಹತ್ತಾರು ಸಾಲುಗಳು ಬೇಕು. ಹದವಾದ ಹಸಿಮಣ್ಣಿನ ಹಾಳೆಯಲ್ಲಿ ಅದೇ ಮಡಿಕೆ ಅಂಗೈಯ ಒಂದು ಒತ್ತಿಗೆ ಮೂಡುತ್ತದೆ. ವರ್ಷಗಳಿಂದ ಗಂಟುಗಳ ಮೂಲಕ ನಿಧಾನವಾಗಿ ಕಂಡುಕೊಂಡಿದ್ದ ಆಕಾರಗಳ ನೆನಪು ಕೈಯಲ್ಲಿ ಕುಳಿತಿದ್ದುದರಿಂದಲೇ ಈ ವೇಗ ಅವರಿಗೆ ಸಾಧ್ಯವಾಯಿತು. ‘ರಾತ್ರಿ ಅರಳುವ ಹೂ’ ಎಂಬರ್ಥದ ಹೆಸರಿನ ಸೆರಾಮಿಕ್ ಸರಣಿಯಲ್ಲಿ (1999–2000) ಮಣ್ಣಿನ ಹಾಳೆಗಳು ಬಟ್ಟೆಯಂತೆ ಸುತ್ತಿಕೊಂಡು, ಮಂಡಿಯೂರಿದ ದೇಹವೋ ಮುಚ್ಚಿಕೊಂಡ ಮೊಗ್ಗೋ ಎಂದು ಹೇಳಲಾಗದ ರೂಪಗಳಾಗುತ್ತವೆ. ಮಣ್ಣಿಗೂ ತನ್ನದೇ ಮಿತಿಗಳಿದ್ದವು. ಒಣಗುವಾಗ ಕುಗ್ಗುತ್ತದೆ, ಗೋಡೆ ತೆಳುವಾದಲ್ಲಿ ಆವೆಯ ಶಾಖಕ್ಕೆ ಬಿರಿಯುತ್ತದೆ, ದಪ್ಪವಾದಲ್ಲಿ ಒಳಗಿನ ತೇವ ಹೊರಬರಲಾರದೆ ಒಡೆಯುತ್ತದೆ; ಹೊರಚಾಚಿದ ದಳಕ್ಕೆ ಅದರಲ್ಲಿ ಆಧಾರವಿಲ್ಲ. ಗಾಜಿನಂಥ ಲೇಪದ ಹೊಳಪು ಅವರ ರೂಪಗಳಿಗೆ ಅಷ್ಟಾಗಿ ಒಗ್ಗಲಿಲ್ಲವೆಂದೇ ಹೇಳಬೇಕು. ಬೆಳಕನ್ನು ಹೀರಿಕೊಳ್ಳುವ ನಾರಿನ ಗಾಢತೆ ಅಲ್ಲಿ ಕಾಣೆಯಾಗುತ್ತದೆ. ನಾರನ್ನು ಅವರು ಇದೇ ಹೊತ್ತಿನಲ್ಲಿ ಪೂರ್ತಿ ಬಿಟ್ಟಿರಲಿಲ್ಲ. ದಾಸವಾಳದ ಹೆಸರು ಹೊತ್ತ ‘ಜೌಬಾ’ (2000) ಅವರ ಕೊನೆಯ ನಾರಿನ ಶಿಲ್ಪಗಳಲ್ಲೊಂದಾಗಿದ್ದು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

2003ರಿಂದ ಆರಂಭವಾದ ಕಂಚಿನ ಘಟ್ಟದಲ್ಲಿ ಅವರು ಅನುಸರಿಸಿದ್ದು ಭಾರತದಲ್ಲಿ ಸಹಸ್ರಾರು ವರ್ಷಗಳಿಂದ ನಡೆದುಬಂದಿರುವ ಮೇಣದೆರಕದ ಪದ್ಧತಿ. ರೂಪವನ್ನು ಮೊದಲು ಮೇಣದಲ್ಲಿ ಮಾಡಿ, ಅದರ ಮೇಲೆ ಶಾಖವನ್ನು ತಾಳುವ ಲೇಪವನ್ನು ಮೆತ್ತಿ ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ, ಆ ಟೊಳ್ಳಿನಲ್ಲಿ ಕರಗಿದ ಕಂಚನ್ನು ಹೊಯ್ಯುತ್ತಾರೆ. ಮೇಣದ ಮೂಲ ಕರಗಿಹೋಗುವುದರಿಂದ, ನೇರವಾಗಿ ಮೇಣದಲ್ಲಿಯೇ ಕೆಲಸ ಮಾಡಿದ ರೂಪದಿಂದ ಹುಟ್ಟುವ ಕಂಚು ಒಂದೇ ಒಂದು, ಅದಕ್ಕೆ ಮರುಪ್ರತಿಯಿಲ್ಲ. ಈ ಪದ್ಧತಿಯಲ್ಲಿ ಕಲಾವಿದೆಯ ಬೆರಳು ಮುಟ್ಟಿದ್ದು ಲೋಹವನ್ನಲ್ಲ, ಬೆಚ್ಚಗಿನ ಮೆತ್ತನೆಯ ಮೇಣವನ್ನು. ಆ ಮೇಣದ ಹಾಳೆ ಬಾಗುವ, ಸುರುಳಿಗೊಳ್ಳುವ, ಅಂಚಿನಲ್ಲಿ ಹರಿಯುವ ಬಗೆ ಅವರಿಗೆ ನಾರಿನ ಹೆಣಿಗೆಯಿಂದಲೇ ಪರಿಚಿತವಾಗಿತ್ತು. ‘ನ್ಯಾಚುರಲ್ ಹಿಸ್ಟರಿ’ ಎಂಬ ಸರಣಿಯಿಂದ ಮೊದಲ್ಗೊಂಡು ಕೊನೆಯ ವರ್ಷಗಳ ‘ಪಾಮ್‌ಸ್ಕೇಪ್’ ಸರಣಿಯವರೆಗೆ ಈ ಕಂಚುಗಳಲ್ಲಿ ತಾಳೆಯ ಗರಿ, ತೊಟ್ಟು, ಸೀಳಿದ ಹೊಂಬಾಳೆ, ಬೇರಿನ ಗಂಟುಗಳು ಸೇರಿ, ಮಲಗಿದ ದೇಹವೊಂದರಿಂದ ಕಾಡು ಎದ್ದು ಬರುತ್ತಿರುವಂತೆ ತೋರುತ್ತದೆ. ಗಂಟಿನ ಏಣುಗಳ ಜಾಗದಲ್ಲಿ ಎಲೆಯ ನರಗಳು ಬಂದಿವೆ. ಎತ್ತರಕ್ಕೆ ಬದಲಾಗಿ ರೂಪ ಅಡ್ಡಲಾಗಿ ಚಾಚಿಕೊಂಡಿದೆ. ಎದುರು ನಿಂತು ದಿಟ್ಟಿಸುತ್ತಿದ್ದ ಮೂರ್ತಿ ಇಲ್ಲವಾಗಿ, ಅದರ ಸುತ್ತಣ ನೆಲವೇ ಶಿಲ್ಪವಾಗಿದೆ. ಇದರಿಂದ ದೊರೆತದ್ದು ದೊಡ್ಡದು: ಹೊರಚಾಚಿದ ಗರಿಯೊಂದು ಯಾವ ಹಂದರದ ನೆರವೂ ಇಲ್ಲದೆ ಗಾಳಿಯಲ್ಲಿ ನಿಲ್ಲಬಲ್ಲ ಸ್ವಾತಂತ್ರ್ಯ. ಹೋದದ್ದೂ ಸಣ್ಣದಲ್ಲ: ಬಣ್ಣ ಹೋಯಿತು, ಮೃದುತ್ವ ಹೋಯಿತು, ಉಸಿರಾಡುವ ಮೈಯ ಸಾಮೀಪ್ಯ ಹೋಯಿತು. ಕಂಚಿನ ಈ ಕೃತಿಗಳನ್ನು ಅವರ ಪರಿಪಕ್ವತೆಯ ಏಕೈಕ ಪುರಾವೆಯೆಂದು ಎತ್ತಿಹಿಡಿಯುವವರು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 2015ರ ಜನವರಿಯಲ್ಲಿ ‘ಟ್ರಾನ್ಸ್‌ಫಿಗರೇಷನ್ಸ್’ ಎಂಬ ಅವರ ಸಮಗ್ರಾವಲೋಕನ ಪ್ರದರ್ಶನ ಆರಂಭವಾದ ಕೆಲವೇ ದಿನಗಳಲ್ಲಿ, ಫೆಬ್ರವರಿ ಮೊದಲ ವಾರದಲ್ಲಿ, ಮೃಣಾಲಿನಿ ಮುಖರ್ಜಿ ತೀರಿಕೊಂಡರು. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್‌ನಲ್ಲಿ ‘ಫಿನಾಮಿನಲ್ ನೇಚರ್’ ಎಂಬ ಹೆಸರಿನಲ್ಲಿ ನಡೆದ ಪ್ರದರ್ಶನ ನಾರು, ಮಣ್ಣು, ಕಂಚು ಮೂರನ್ನೂ ಒಂದೇ ಸೂರಿನಡಿ ತಂದಿತು. 2022ರ ವೆನಿಸ್ ದ್ವೈವಾರ್ಷಿಕದಲ್ಲಿ ‘ರುದ್ರ’, ‘ದೇವಿ’, ‘ವನಶ್ರೀ’ಗಳು ಲಕ್ಷಾಂತರ ಜನರ ಎದುರು ನಿಂತವು. ಬದುಕಿದ್ದಾಗ ತಡವಾಗಿ ಬಂದ ಮನ್ನಣೆ ಸಾವಿನ ಅನಂತರ ವೇಗವಾಗಿ ಬಂದಿದೆ.

ಈ ಮನ್ನಣೆಯ ಜೊತೆಗೇ ಹೊಸ ಹೊಣೆಯೊಂದೂ ಬಂದಿದೆ, ಮತ್ತು ಅದರ ಬಗ್ಗೆ ನಮ್ಮಲ್ಲಿ ಆಗುತ್ತಿರುವ ಚರ್ಚೆ ಏನೇನೂ ಸಾಲದು. ಕಂಚು ಶತಮಾನಗಳನ್ನು ತಾಳುತ್ತದೆ, ನಾರು ತಾಳುವುದಿಲ್ಲ. ಸಸ್ಯಮೂಲದ ಎಳೆಗಳು ಬೆಳಕಿಗೆ ಒಡ್ಡಿಕೊಂಡಷ್ಟೂ ಪೆಡಸಾಗಿ ಮುರಿಯುತ್ತವೆ, ಅದ್ದಿದ ಬಣ್ಣ ಮಾಸುತ್ತದೆ, ಗಂಟುಗಳ ಸಂದಿಯಲ್ಲಿ ಧೂಳು ಕೂರುತ್ತದೆ, ತೇವವಿರುವಲ್ಲಿ ಬೂಷ್ಟು ಹಿಡಿಯುತ್ತದೆ. ಜವಳಿಯನ್ನು ಪ್ರದರ್ಶಿಸುವಾಗ ಬೆಳಕಿನ ಪ್ರಮಾಣ ಸುಮಾರು 50 ಲಕ್ಸ್ ಮೀರಬಾರದೆಂಬುದು, ಅಂದರೆ ಮಬ್ಬುಬೆಳಕಿನ ಕೋಣೆಯಷ್ಟೇ ಇರಬೇಕೆಂಬುದು ಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ನಿಯಮ. ಅದನ್ನು ಪಾಲಿಸಲು ಬೇಕಾದ ಕೊಠಡಿ, ತೇವಾಂಶದ ನಿಯಂತ್ರಣ, ತರಬೇತಿ ಪಡೆದ ಸಂರಕ್ಷಕರು ಭಾರತದ ಎಲ್ಲ ಸಂಗ್ರಹಾಲಯಗಳಲ್ಲಿ ಇಲ್ಲ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ತೂಗುಹಾಕುವ ಹೆಣಿಗೆಯನ್ನು ಪ್ರತಿಸಲ ಇಳಿಸಿ, ಸಾಗಿಸಿ, ಮತ್ತೆ ಏರಿಸುವಾಗ ಅದರ ಮಡಿಕೆಗಳನ್ನು ಯಾರಾದರೂ ಕೈಯಿಂದ ಸರಿಪಡಿಸಲೇಬೇಕು, ಮತ್ತು ಆ ಕೈ ಈಗ ಕಲಾವಿದೆಯದಲ್ಲ. ಯಾವ ಮಡಿಕೆ ಎಷ್ಟು ಆಳವಾಗಿ ಕೂರಬೇಕು, ಯಾವ ಪದರ ಮುಂದೆ ಬರಬೇಕು, ಬಿಚ್ಚಿಕೊಂಡ ಗಂಟನ್ನು ಯಾವ ದಪ್ಪದ ಹುರಿಯಿಂದ ಮರುಹೆಣೆಯಬೇಕು ಎಂಬುದನ್ನು ಹಳೆಯ ಛಾಯಾಚಿತ್ರಗಳಿಂದಲೂ, ಅವರೊಡನೆ ಹುರಿ ಎಳೆದು ಬಣ್ಣ ಅದ್ದಿದ ಸಹಾಯಕರ ತಿಳಿವಳಿಕೆಯಿಂದಲೂ ಒಂದೊಂದು ಕೃತಿಗೂ ಪ್ರತ್ಯೇಕವಾಗಿ ಬರೆದಿಡಬೇಕಾಗಿದೆ. ಆ ತಿಳಿವಳಿಕೆಯುಳ್ಳವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.